ಏಕೀಕರಣ ಮತ್ತು ಜನರ ಅನುಮಾನ: ಬೀದರ್ ಗಡಿಯಿಂದ ಒಂದು ನೋಟ



ಈ ದತ್ತಿ ಉಪನ್ಯಾಸದ ವಿಷಯವನ್ನು ನೀವು ನನ್ನ ಆಯ್ಕೆಗೇ ಬಿಟ್ಟಿರಿ. ಮನ್ನಾಏಖೇಳ್ಳಿಯಂಥ ಈ ಊರಿನಲ್ಲಿ ನಿಂತವನಿಗೆ ಗಡಿಯನ್ನು ಬಿಟ್ಟು ಬೇರೆ ವಿಷಯ ಹೊಳೆಯುವುದು ಕಷ್ಟ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಇಲ್ಲಿಂದಲೇ ಹಾಯುತ್ತದೆ. ಪಡುವಣಕ್ಕೆ ಹೊರಟರೆ ಹುಮನಾಬಾದ್, ಬಸವಕಲ್ಯಾಣದ ಸೀಮೆ ದಾಟಿ ಉಮರ್ಗಾ, ಅದು ಮಹಾರಾಷ್ಟ್ರ. ಮೂಡಣಕ್ಕೆ ಹೊರಟರೆ ಜಹೀರಾಬಾದ್, ಅದು ತೆಲಂಗಾಣ. ಎರಡೂ ಕಡೆ ನಮಗೆ ಬೀಗರಿದ್ದಾರೆ, ವ್ಯಾಪಾರದ ಲೇವಾದೇವಿ ಇದೆ, ದವಾಖಾನೆಯ ಓಡಾಟ ಇದೆ. 1948ರ ತನಕ ಈ ಮೂರೂ ಕಡೆಗೆ ಹೈದರಾಬಾದಿನ ನಿಜಾಮರೊಬ್ಬರೇ ದೊರೆ, ಒಂದೇ ಹಾಲಿ ಸಿಕ್ಕಾ ರೂಪಾಯಿ, ಒಂದೇ ಉರ್ದು ದಫ್ತರು ಇದ್ದವು. ಹಾಗೆ ಒಂದಾಗಿದ್ದ ಸೀಮೆ ಎಂಟು ವರ್ಷಗಳಲ್ಲಿ ಎರಡು ಸಲ ಬೇರೆ ಬೇರೆ ರೀತಿಯಲ್ಲಿ ಕೂಡಿಕೊಂಡಿತು. 1948ರಲ್ಲಿ ಭಾರತಕ್ಕೆ, 1956ರಲ್ಲಿ ಭಾಷಾವಾರು ರಾಜ್ಯಗಳಿಗೆ.

ಪ್ರದೇಶಗಳು ಹೀಗೆ ಕೂಡುವಾಗ ನಾಡು, ನುಡಿ, ಧರ್ಮದ ಅಭಿಮಾನದ ಮೇಲೆ ನಿಂತ ಪಕ್ಷಗಳು ಏನು ಮಾಡುತ್ತವೆ? ಯಾವ ಪಕ್ಷಕ್ಕೂ ಸೇರದ ಸಾಮಾನ್ಯರ ಅನುಮಾನ ಏನು ಮಾಡುತ್ತದೆ? ಈ ಎರಡು ಪ್ರಶ್ನೆಗಳನ್ನು ನಮ್ಮ ಜಿಲ್ಲೆಯ ಅನುಭವದಿಂದಲೇ ನೋಡಬೇಕೆಂಬುದು ನನ್ನ ಅಪೇಕ್ಷೆ. ಮೊದಲು ನಿಜಾಮರ ಕೊನೆಯ ವರ್ಷ, ಬಳಿಕ 1956ರ ವಿಂಗಡಣೆ, ಆಮೇಲೆ ಚಿಕ್ಕ ಪಕ್ಷಗಳ ದೊಡ್ಡ ಪ್ರಭಾವ, ಕಡೆಗೆ ಅನುಮಾನಕ್ಕೆ ಸಿಕ್ಕ ಮತ್ತು ಸಿಗದ ಉತ್ತರಗಳು. ಯುರೋಪಿನ ದೇಶಗಳು ಇದೇ ದಾರಿಯಲ್ಲಿ ನಡೆದು ಎಡವಿದ್ದನ್ನೂ ಅಗತ್ಯವಿದ್ದಲ್ಲಿ ತರುತ್ತೇನೆ.

ಮೊದಲಿಗೆ 1947ರ ಅಕ್ಟೋಬರ್ ತಿಂಗಳು. ಭಾರತ ಸ್ವತಂತ್ರವಾಗಿ ಎರಡು ತಿಂಗಳು ಕಳೆದಿತ್ತು. ಹೈದರಾಬಾದು ಸಂಸ್ಥಾನ ಸೇರುವುದೋ ಬಿಡುವುದೋ ಎಂಬುದು ತೀರ್ಮಾನವಾಗಿರಲಿಲ್ಲ. ಸಂಸ್ಥಾನದ ಪ್ರಧಾನಿಯಾಗಿದ್ದ ಛತಾರಿಯ ನವಾಬರು, ಸರ್ ವಾಲ್ಟರ್ ಮಾಂಕ್‌ಟನ್, ಸರ್ ಸುಲ್ತಾನ್ ಅಹ್ಮದ್ ಅವರ ನಿಯೋಗ ಯಥಾಸ್ಥಿತಿ ಒಪ್ಪಂದದ ಕರಡನ್ನು ಹಿಡಿದು ದಿಲ್ಲಿಗೆ ಹೊರಡಬೇಕಿತ್ತು. ಅಕ್ಟೋಬರ್ 27ರ ನಸುಕಿನಲ್ಲಿ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಜನ ಅವರ ಮನೆಗಳನ್ನು ಸುತ್ತುವರಿದರು. ನಿಯೋಗ ಹೊರಡಲಿಲ್ಲ. ಛತಾರಿಯವರು ರಾಜೀನಾಮೆ ಕೊಟ್ಟರು, ಹೊಸ ನಿಯೋಗ ನೇಮಕವಾಯಿತು. ನವೆಂಬರ್ 29ರಂದು ಸಹಿ ಬಿದ್ದ ಒಪ್ಪಂದವಾದರೂ ಬಹುಮಟ್ಟಿಗೆ ಹಳೆಯ ಕರಡೇ. ಒಂದು ತಿಂಗಳು ಹೋಯಿತು, ಅದಕ್ಕಿಂತ ಹೆಚ್ಚಾಗಿ ಸಂಧಾನ ಮಾಡಬಲ್ಲವರ ಧೈರ್ಯ ಹೋಯಿತು.

ಈ ಘಟನೆಯನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಆ ಪಕ್ಷದ ನಾಯಕ, ಲಾತೂರಿನಲ್ಲಿ ವಕೀಲರಾಗಿದ್ದ ಕಾಸಿಂ ರಜ್ವಿ ಅಂದು ಮಂತ್ರಿಯಲ್ಲ, ದಿವಾನರಲ್ಲ. ಅಧಿಕಾರದ ಕುರ್ಚಿ ಅವರ ಕೈಯಲ್ಲಿರಲಿಲ್ಲ. ಕುರ್ಚಿಯಲ್ಲಿ ಕೂತವರು ಯಾವ ಮಾತು ಆಡಬಹುದು, ಯಾವುದನ್ನು ಆಡಬಾರದು ಎಂಬುದು ಮಾತ್ರ ಅವರ ಕೈಯಲ್ಲಿತ್ತು. ಅಭಿಮಾನದ ಪಕ್ಷಗಳ ನಿಜವಾದ ಶಕ್ತಿ ಬಹಳ ಸಲ ಇಲ್ಲಿಯೇ ಇರುತ್ತದೆ.

ಅದರ ಬೆಲೆ ತೆತ್ತವರು ಹಳ್ಳಿಯ ಜನ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ಆ ಪಕ್ಷದ ಸ್ವಯಂಸೇವಕ ಪಡೆಯಾದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಮ್ಮ ಹಿರಿಯರು ಮರೆತಿಲ್ಲ, ಮರೆಯಲೂಬಾರದು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು, 17ರಂದು ನಿಜಾಮರು ಶರಣಾದರು. ಆದರೆ ಪೊಲೀಸ್ ಕಾರ್ಯಾಚರಣೆ ಎನಿಸಿದ ಈ ಸೇನಾ ಕ್ರಮದ ಹೊತ್ತಿನಲ್ಲಿ ಮತ್ತು ಅದರ ನಂತರ ರಜಾಕಾರರಿಗೆ ಸಂಬಂಧವೇ ಇಲ್ಲದ ಬಡ ಮುಸ್ಲಿಂ ಕುಟುಂಬಗಳ ಮೇಲೂ ಸೇಡು ತೀರಿಸಿಕೊಳ್ಳಲಾಯಿತು. ನೆಹರೂ ಅವರು ಕಳಿಸಿದ ಪಂಡಿತ್ ಸುಂದರಲಾಲ್ ನಿಯೋಗ ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಬೀದರ್ ಒಂದು, ಗುಲ್ಬರ್ಗಾ ಇನ್ನೊಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಗೋರಟಾದ ಹೆಸರನ್ನು ಹೇಳುವಾಗ ಈ ವರದಿಯನ್ನೂ ಹೇಳಬೇಕೆಂದು ನಾನು ನಂಬಿದ್ದೇನೆ. ಎರಡೂ ನಮ್ಮವರದೇ ನೋವು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ, ಮುಚ್ಚಿಟ್ಟವರ ಮೇಲಿನ ಅನುಮಾನ ಮೊಮ್ಮಕ್ಕಳ ಕಾಲಕ್ಕೂ ಹೋಗುತ್ತದೆ.

ಇನ್ನು 1956ಕ್ಕೆ ಬರೋಣ.

ಇಂದಿನ ವಿದ್ಯಾರ್ಥಿಗಳು ಬೀದರ್ ಕರ್ನಾಟಕಕ್ಕೆ ಸೇರಿದ್ದು ಸಹಜವಾಗಿಯೇ ನಡೆಯಿತು ಎಂದುಕೊಂಡಿರುತ್ತಾರೆ. ಹಾಗಿರಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಭಾಗ ಕರ್ನಾಟಕಕ್ಕೆ ಹೋಗಲಿ ಎಂದಿತು. ಬೀದರ್ ಜಿಲ್ಲೆಯನ್ನು ಮಾತ್ರ ತೆಲಂಗಾಣದ ಜಿಲ್ಲೆಗಳ ಜೊತೆಗೆ ಉಳಿಕೆಯ ಹೈದರಾಬಾದು ರಾಜ್ಯದಲ್ಲೇ ಇಡಲು ಶಿಫಾರಸು ಮಾಡಿತು. ಅಂದಿನ ಬೀದರ್ ಜಿಲ್ಲೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇದ್ದವು. ಯಾವೊಂದು ಭಾಷೆಯವರೂ ಜಿಲ್ಲೆಯ ಅರ್ಧದಷ್ಟು ಇರಲಿಲ್ಲ. ಅಂಥ ಜಿಲ್ಲೆಯನ್ನು ಒಡೆಯದೆ ಇಡುವುದು ಲೇಸೆಂಬ ಎಣಿಕೆಗೆ ಅರ್ಥವಿಲ್ಲದೆ ಇರಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಲಹೆ ಇತ್ತು. ಉಳಿಕೆಯ ಹೈದರಾಬಾದು ರಾಜ್ಯ ಬಯಸಿದರೆ 1961ರ ಸುಮಾರಿನ ಸಾರ್ವತ್ರಿಕ ಚುನಾವಣೆಯ ಬಳಿಕ, ವಿಧಾನಸಭೆಯ ಮೂರನೇ ಎರಡರಷ್ಟು ಬಹುಮತದಿಂದ ಆಂಧ್ರದ ಜೊತೆ ಕೂಡಬಹುದು. ಅಂದರೆ ಆಯೋಗ ತೆಲಂಗಾಣದ ಜನರ ಅನುಮಾನಕ್ಕೆ ಒಂದು ಗಡುವು ಕೊಟ್ಟಿತ್ತು, ಒಂದು ಮತದ ಹಕ್ಕು ಕೊಟ್ಟಿತ್ತು. ರಾಜಕೀಯದವರು ಕಾಯಲಿಲ್ಲ. 1956ರ ನವೆಂಬರ್ 1ರಂದೇ ಆಂಧ್ರ ಪ್ರದೇಶ ಆಯಿತು. ಕೊಡದೆ ಹೋದ ಆ ಐದು ವರ್ಷಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಅಹಮದ್‌ಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಮತ್ತು ಜಹೀರಾಬಾದ್ ತಾಲ್ಲೂಕು ಆಂಧ್ರಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿಗೆ ಕಾನೂನಿನಲ್ಲಿ ಒಂದು ವಿನಾಯಿತಿ ಬರೆದರು: ನಿರ್ಣಾ ಸರ್ಕಲ್ ಹೊರತು. ನಮ್ಮ ನೆರೆಯ ಈ ನಿರ್ಣಾ ಹೀಗೆ ಜಿಲ್ಲೆಯ ಉಳಿದ ಭಾಗದೊಂದಿಗೆ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಿತು. ಸಂಸತ್ತಿನ ಕಾಯ್ದೆಯೊಂದು ಕಂದಾಯ ಸರ್ಕಲ್ಲಿನ ಮಟ್ಟಕ್ಕೆ ಇಳಿದು ಒಂದು ಊರಿನ ಹೆಸರು ಹೇಳಬೇಕಾದರೆ, ಅಲ್ಲಿನ ಜನ ಏನಾದರೂ ಕೇಳಿದ್ದಾರೆ, ಯಾರಾದರೂ ಅದನ್ನು ಆಲಿಸಿದ್ದಾರೆ ಎಂದೇ ನಾನು ಊಹಿಸುತ್ತೇನೆ.

ಇದರ ಹಿಂದೆ ದುಡಿದವರನ್ನು ಸ್ಮರಿಸದೆ ಮುಂದೆ ಹೋಗಲಾರೆ. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಮನೆಮನೆಯ ಕಥೆ. ಪ್ರಭುರಾವ ಕಂಬಳಿವಾಲೆ ಅವರಂಥವರು ಬೀದರ್ ಕನ್ನಡ ನಾಡಿನಲ್ಲಿರಬೇಕೆಂದು ಹಳ್ಳಿ ಹಳ್ಳಿ ತಿರುಗಿದರು. ಪಟ್ಟದ್ದೇವರ ಕನ್ನಡದಲ್ಲಿ ಉರ್ದುವಿನ ಮೇಲೆ, ಮರಾಠಿಯ ಮೇಲೆ ಹಗೆ ಇರಲಿಲ್ಲ. ಇಂದು ನಾಡಾಭಿಮಾನದ ಹೆಸರಿನಲ್ಲಿ ಮಾತನಾಡುವವರು ಈ ಒಂದು ಗುಣವನ್ನು ಅವರಿಂದ ಕಲಿಯಬೇಕು.

ಅನುಮಾನ ಬೀದರಿನಲ್ಲಿ ಮಾತ್ರ ಇತ್ತೆಂದು ಯಾರೂ ತಿಳಿಯಬಾರದು. ಹಳೆಯ ಮೈಸೂರಿನಲ್ಲಿ ಅದು ಇನ್ನೂ ಗಟ್ಟಿಯಾಗಿತ್ತು. ಕೈಗಾರಿಕೆ, ವಿದ್ಯುತ್ತು, ಶಾಲೆಗಳಲ್ಲಿ ಮುಂದಿದ್ದ ಸಂಸ್ಥಾನ ಉತ್ತರದ ಬಡ ಜಿಲ್ಲೆಗಳ ಹೊರೆ ಏಕೆ ಹೊರಬೇಕು ಎಂದು ಕೆಲವರು ಕೇಳಿದರು. ಕೂಡಿದರೆ ತಮ್ಮ ಸಮುದಾಯದ ರಾಜಕೀಯ ಬಲ ಕುಗ್ಗುತ್ತದೆ ಎಂಬುದು ಇನ್ನು ಕೆಲವರ ಭಯ. ಕೆಂಗಲ್ ಹನುಮಂತಯ್ಯನವರು ತಮ್ಮದೇ ಪಕ್ಷದೊಳಗಿನ ಈ ಭಯವನ್ನು ಎದುರಿಸಿ ಏಕೀಕರಣದ ಪರವಾಗಿ ನಿಂತರು. ಕೊಡಗಿನಲ್ಲಿ ಅನುಮಾನಕ್ಕೆ ಒಂದು ಪಕ್ಷವೇ ಇತ್ತು. ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ 1952ರಲ್ಲಿ ಕೊಡಗು ಪ್ರತ್ಯೇಕವಾಗಿಯೇ ಇರಲಿ ಎಂದು ಮತ ಕೇಳಿತು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15 ಬಂದವು, ಉಳಿದ ಒಂಬತ್ತು ತಕ್ಕಡಿಯ ಕಡೆಗೆ. ಸೋತ ಪಕ್ಷವೇ ನಿಜ. ಆದರೆ ಆ ನಾಡಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸ್ಥಾನ ಗೆದ್ದ ಅಭಿಪ್ರಾಯವದು. ಅಂಥದನ್ನು ದೇಶದ್ರೋಹ ಎನ್ನಲಾಗುವುದಿಲ್ಲ, ನಾಡದ್ರೋಹ ಎನ್ನಲೂ ಆಗುವುದಿಲ್ಲ.

ಮೂರನೆಯ ಮಾತು, ಚಿಕ್ಕ ಪಕ್ಷಗಳ ಪ್ರಭಾವ. ಗಡಿಯ ಮರಾಠಿ ಭಾಗಗಳು ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಬೆಳಗಾವಿ, ಖಾನಾಪುರ, ನಿಪ್ಪಾಣಿ ಭಾಗಗಳಿಂದ ದಶಕಗಳ ಕಾಲ ನಮ್ಮ ವಿಧಾನಸಭೆಗೆ ಶಾಸಕರನ್ನು ಕಳಿಸಿತು. ಮಹಾರಾಷ್ಟ್ರದ ಒತ್ತಾಯದಿಂದಲೇ 1966ರಲ್ಲಿ ಮೆಹರ್‌ಚಂದ್ ಮಹಾಜನ್ ಆಯೋಗ ನೇಮಕವಾಯಿತು. 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ನಮಗೆ, ಬೆಳಗಾವಿ ಇದ್ದಲ್ಲಿಯೇ ಇರಲಿ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಬರಲಿ ಎಂದು 1967ರಲ್ಲಿ ಅದು ವರದಿ ಕೊಟ್ಟಿತು. ಆಯೋಗ ಕೇಳಿದವರೇ ವರದಿಯನ್ನು ತಿರಸ್ಕರಿಸಿದರು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಈಗ ಸಮಿತಿಯ ಚುನಾವಣಾ ಬಲ ನೋಡಿ. 2013ರಲ್ಲಿ ಇಬ್ಬರು ಶಾಸಕರು. 2018ರಲ್ಲಿ ಒಬ್ಬರೂ ಇಲ್ಲ, 2023ರಲ್ಲಿಯೂ ಇಲ್ಲ. ಮತದಾರ ಅದನ್ನು ಬಿಟ್ಟು ಮುಂದೆ ನಡೆದಿದ್ದಾನೆ. ಆದರೂ 2022ರ ಡಿಸೆಂಬರಿನಲ್ಲಿ ಏನಾಯಿತು? 22ರಂದು ನಮ್ಮ ವಿಧಾನಮಂಡಲ ಒಂದಿಂಚೂ ನೆಲ ಬಿಡುವುದಿಲ್ಲ ಎಂದು ನಿರ್ಣಯ ಮಾಡಿತು. 27ರಂದು ಮಹಾರಾಷ್ಟ್ರದ ವಿಧಾನಮಂಡಲ ಬೆಳಗಾವಿ, ಕಾರವಾರ, ನಿಪ್ಪಾಣಿಯ ಜೊತೆ ನಮ್ಮ ಬೀದರ್ ಮತ್ತು ಭಾಲ್ಕಿಯ ಹೆಸರನ್ನೂ ಸೇರಿಸಿ 865 ಹಳ್ಳಿಗಳು ತಮಗೆ ಬೇಕೆಂದು ಸರ್ವಾನುಮತದ ನಿರ್ಣಯ ಮಾಡಿತು. ನಡುವೆ ಬಸ್ಸುಗಳು ನಿಂತವು, ನಿಂತ ಬಸ್ಸಿನಲ್ಲಿ ಇದ್ದವರು ಎರಡೂ ಕಡೆಯ ಕೂಲಿಕಾರರು, ವಿದ್ಯಾರ್ಥಿಗಳು. ಶಾಸಕರಿಲ್ಲದ ಪಕ್ಷದ ಬೇಡಿಕೆಯನ್ನು ನೂರಾರು ಶಾಸಕರ ಪಕ್ಷಗಳು ಹೊತ್ತುಕೊಂಡಿದ್ದವು. ಯಾವ ದೊಡ್ಡ ಪಕ್ಷವೂ ತಾನು ಅಭಿಮಾನದಲ್ಲಿ ಕಡಿಮೆ ಎನ್ನಿಸಿಕೊಳ್ಳಲು ಸಿದ್ಧವಿರಲಿಲ್ಲ.

ಬ್ರಿಟನ್ನಿನಲ್ಲೂ ಇದೇ ನಡೆಯಿತು. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೆಂಬುದೇ ಯುಕೆಐಪಿ ಎಂಬ ಪಕ್ಷದ ಏಕೈಕ ಗುರಿಯಂತಿತ್ತು. 2015ರ ಚುನಾವಣೆಯಲ್ಲಿ ಅದಕ್ಕೆ ಶೇ. 12.6 ಮತ ಬಿದ್ದು ಒಂದೇ ಸ್ಥಾನ ಸಿಕ್ಕಿತು. ಆದರೆ ಅದರ ಭಯದಲ್ಲಿ ಆಳುವ ಪಕ್ಷ ಮೊದಲೇ ಜನಮತಗಣನೆಯ ಮಾತು ಕೊಟ್ಟಾಗಿತ್ತು. 2016ರ ಜೂನ್ 23ರಂದು ಶೇ. 51.9 ಜನ ಹೊರಹೋಗೋಣ ಎಂದರು. ಒಂದು ಸ್ಥಾನದ ಪಕ್ಷ ದೇಶದ ದಿಕ್ಕನ್ನೇ ತಿರುಗಿಸಿತು.

ನಮ್ಮ ಬಸವಕಲ್ಯಾಣದ ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದದ್ದು, ಹಾಗಾಗಿ ಎಚ್ಚರದಿಂದ ಹೇಳುತ್ತೇನೆ. 2020ರ ಸೆಪ್ಟೆಂಬರಿನಲ್ಲಿ ಶಾಸಕ ಬಿ. ನಾರಾಯಣರಾವ್ ಕೋವಿಡ್‌ನಿಂದ ತೀರಿಕೊಂಡರು. ಉಪಚುನಾವಣೆ ಬರುವುದಿತ್ತು. ನವೆಂಬರಿನಲ್ಲಿ ಸರ್ಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ಪ್ರಾಧಿಕಾರವನ್ನು ಘೋಷಿಸಿತು. ಕನ್ನಡ ಸಂಘಟನೆಗಳು ಡಿಸೆಂಬರ್ 5ಕ್ಕೆ ಬಂದ್ ಕರೆದವು. 2021ರ ಏಪ್ರಿಲ್ 17ರಂದು ಮತದಾನ ನಡೆಯಿತು. ಕ್ಷೇತ್ರದ ಮರಾಠಾ ಕುಟುಂಬಗಳಲ್ಲಿ ಬಹುಪಾಲು ಸಣ್ಣ ರೈತರು. ಅವರು ಈ ರಾಜ್ಯಕ್ಕೇ ತೆರಿಗೆ ಕಟ್ಟುತ್ತಾರೆ, ಅವರಿಗೆ ನೆರವು ಸಿಗುವುದರಲ್ಲಿ ತಪ್ಪೇನೂ ಇಲ್ಲ. ತಪ್ಪು ಹೊತ್ತಿನದು. ಚುನಾವಣೆಯ ಹೊಸ್ತಿಲಲ್ಲಿ ಕೊಟ್ಟಾಗ ಹಕ್ಕಿನ ನೆರವು ಇನಾಮಿನಂತೆ ಕಾಣಿಸಿತು. ಪಡೆದವರಿಗೆ ಅವಮಾನವಾಯಿತು, ನೋಡಿದವರಿಗೆ ಸಂಶಯ ಬಂತು. ತಲೆತಲಾಂತರದಿಂದ ಇಲ್ಲಿಯೇ ಇರುವ ಜನ ತಾವು ಕರ್ನಾಟಕದವರೆಂದು ಮತ್ತೊಮ್ಮೆ ಸಾಬೀತು ಮಾಡಬೇಕಾಯಿತು. ಇದು ನನಗೆ ಬಹಳ ನೋವು ಕೊಟ್ಟ ಸಂಗತಿ.

ಈಗ ಕೊನೆಯ ಭಾಗ, ಅನುಮಾನಕ್ಕೆ ಸಿಕ್ಕ ಉತ್ತರ. ಮೇಲೆ ಬಿಟ್ಟ ಎಳೆಯನ್ನು ಹಿಡಿಯೋಣ.

1956ರಲ್ಲಿ ನಿಜಾಮರ ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋದಾಗ ಸಂವಿಧಾನಕ್ಕೆ ಏಳನೆಯ ತಿದ್ದುಪಡಿ ಬಂತು. ಅದರ 371ನೇ ವಿಧಿಯಲ್ಲಿ ಆಂಧ್ರ ವಿಧಾನಸಭೆಗೆ ಪ್ರಾದೇಶಿಕ ಸಮಿತಿಗಳ ಅವಕಾಶ ಬಂದು ತೆಲಂಗಾಣಕ್ಕೆ ನೆಲೆ ಸಿಕ್ಕಿತು. ಮರಾಠವಾಡಾಕ್ಕೆ ಅಭಿವೃದ್ಧಿ ಮಂಡಳಿಯ ಅವಕಾಶ ಸಿಕ್ಕಿತು. ಮೂರನೆಯ ಪಾಲಾದ ಬೀದರ್, ಗುಲ್ಬರ್ಗಾ, ರಾಯಚೂರಿಗೆ ಒಂದು ಸಾಲೂ ಸಿಗಲಿಲ್ಲ. ಒಂದೇ ಸಂಸ್ಥಾನದಿಂದ, ಒಂದೇ ಬಡತನದಿಂದ, ಒಂದೇ ದಿನ ಹೊರಬಂದವರಲ್ಲಿ ನಮ್ಮನ್ನು ಮಾತ್ರ ಬರಿಗೈಯಲ್ಲಿ ಕಳಿಸಿದರು. ನಮ್ಮ ನಾಯಕರು ಕನ್ನಡ ನಾಡು ಸೇರಿದ ಸಂತೋಷದಲ್ಲಿ ಕರಾರು ಕೇಳಲಿಲ್ಲ. ಅವರ ಸಂತೋಷ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕೇಳಬೇಕಿತ್ತು.

ಕೇಳಿ ಬರೆಸಿಕೊಂಡ ತೆಲಂಗಾಣದಲ್ಲಿ ಬರೆದದ್ದು ನಡೆಯಲಿಲ್ಲ. 1956ರ ಫೆಬ್ರುವರಿ 20ರಂದು ಎರಡೂ ಕಡೆಯ ನಾಯಕರು ದಿಲ್ಲಿಯಲ್ಲಿ ಸಜ್ಜನರ ಒಪ್ಪಂದ (ಜೆಂಟಲ್‌ಮೆನ್ಸ್ ಅಗ್ರಿಮೆಂಟ್) ಮಾಡಿಕೊಂಡಿದ್ದರು. ನೌಕರಿಯಲ್ಲಿ ಮುಲ್ಕಿಗಳಿಗೆ ಅಂದರೆ ಸ್ಥಳೀಯರಿಗೆ ಆದ್ಯತೆ, ತೆಲಂಗಾಣದ ಹೆಚ್ಚುವರಿ ವರಮಾನ ತೆಲಂಗಾಣಕ್ಕೇ, ಅಧಿಕಾರದಲ್ಲಿ ಪಾಲು, ಇವು ಅದರ ಮಾತುಗಳು. ಅವು ಮುರಿದವೆಂಬ ಸಿಟ್ಟಿನಲ್ಲಿ 1969ರ ಚಳವಳಿ ಎದ್ದಿತು. 2001ರಲ್ಲಿ ತೆಲಂಗಾಣ ರಾಷ್ಟ್ರ ಸಮಿತಿ ಹುಟ್ಟಿ ಆ ಸಿಟ್ಟಿಗೆ ಪಕ್ಷದ ರೂಪ ಕೊಟ್ಟಿತು. 2014ರ ಜೂನ್ 2ರಂದು, ಒಂದೇ ಭಾಷೆಯವರು ಒಂದಾಗಿದ್ದ ರಾಜ್ಯ ಎರಡಾಯಿತು. ಆಯೋಗ ಹೇಳಿದ ಐದು ವರ್ಷ ಕಾಯ್ದಿದ್ದರೆ, ಜನ ಆರಿಸಿದ ವಿಧಾನಸಭೆಯೇ ಮತ ಹಾಕಿ ಕೂಡಿದ್ದರೆ ಏನಾಗುತ್ತಿತ್ತೋ. ಕೂಡದೆಯೂ ಇರುತ್ತಿದ್ದರೇನೋ. ಕೂಡಿದ್ದರೆ ಮಾತ್ರ ಆ ಕೂಡಿಕೆ ಅವರದೇ ಆಗಿರುತ್ತಿತ್ತು.

ನಮ್ಮ ಕಡೆ ಅನುಮಾನ ಬೇರೆ ದಾರಿ ಹಿಡಿಯಿತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಜನರಿಗೆ ಗೊತ್ತಿದ್ದದ್ದೇ ಆ ವರದಿಯಲ್ಲಿ ಅಂಕಿಯಾಗಿ ಬಂತು. ಚಿಂಚೋಳಿಯ ವೈಜನಾಥ ಪಾಟೀಲರಂಥವರು ಪ್ರತ್ಯೇಕ ರಾಜ್ಯದ ಮಾತಿಗಿಂತ ಸಂವಿಧಾನದಲ್ಲಿ ಒಂದು ಸಾಲಿಗಾಗಿ ವರ್ಷಗಟ್ಟಲೆ ಹೋರಾಡಿದರು. ಎಲ್ಲ ಪಕ್ಷಗಳೂ ಕಡೆಗೆ ಒಪ್ಪಿ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. 2013ರಿಂದ ಅದು ಜಾರಿಯಲ್ಲಿದೆ. ಇಲ್ಲಿನ ವಿದ್ಯಾಸಂಸ್ಥೆಗಳಲ್ಲಿ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಈ ಸಭೆಯಲ್ಲಿರುವ ಎಷ್ಟೋ ಮನೆಗಳ ಮಕ್ಕಳು 371(ಜೆ) ಪ್ರಮಾಣಪತ್ರ ಹಿಡಿದು ಡಾಕ್ಟರು, ಎಂಜಿನಿಯರು ಆಗಿದ್ದಾರೆ. 1956ರಲ್ಲಿ ಬರಬೇಕಿದ್ದ ಸಾಲು ಬರಲು ಐವತ್ತಾರು ವರ್ಷಕ್ಕೂ ಹೆಚ್ಚು ಹಿಡಿಯಿತು. ಹುದ್ದೆ ಖಾಲಿ ಬಿಟ್ಟರೆ, ನಮ್ಮ ಭಾಗದ ಅಭಿವೃದ್ಧಿ ಮಂಡಳಿಯ ಹಣ ಖರ್ಚಾಗದೆ ಉಳಿದರೆ ತೆಲಂಗಾಣದಲ್ಲಿ ಆದದ್ದೇ ಇಲ್ಲಿಯೂ ಆಗಬಹುದೆಂದು ನಾನು ಕಳವಳಪಡುತ್ತೇನೆ.

ಡೆನ್ಮಾರ್ಕಿನ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. 1992ರ ಜೂನಿನಲ್ಲಿ ಅಲ್ಲಿನ ಜನ ಯುರೋಪಿಯನ್ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಶೇ. 50.7 ಮತದಿಂದ ತಿರಸ್ಕರಿಸಿದರು. ಸರ್ಕಾರ ಜನರನ್ನು ಬೈಯಲಿಲ್ಲ. ಪೌರತ್ವ, ಹಣ, ರಕ್ಷಣೆ, ನ್ಯಾಯ ಈ ನಾಲ್ಕು ಬಾಬ್ತುಗಳಲ್ಲಿ ವಿನಾಯಿತಿ ಬರೆಸಿಕೊಂಡು ಬಂದಿತು. ಮರುವರ್ಷ ಶೇ. 56.7 ಜನ ಒಪ್ಪಿದರು. 2022ರಲ್ಲಿ, ಉಕ್ರೇನಿನ ಯುದ್ಧದ ಹೊತ್ತಿನಲ್ಲಿ, ರಕ್ಷಣೆಯ ವಿನಾಯಿತಿಯನ್ನು ಅದೇ ಜನ ತಾವಾಗಿ ಬಿಟ್ಟುಕೊಟ್ಟರು. ಕೊಟ್ಟ ಮಾತು ಮೂವತ್ತು ವರ್ಷ ಉಳಿದದ್ದರಿಂದ ಅವರಿಗೆ ಬಿಡುವ ಧೈರ್ಯ ಬಂತು.

ಗಡಿಯ ರೈತ ಇದನ್ನು ಪುಸ್ತಕ ಓದದೆಯೇ ಬಲ್ಲ. ಮಹಾರಾಷ್ಟ್ರದಲ್ಲಿರುವ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ನೀರಿಲ್ಲದೆ ಕರ್ನಾಟಕ ಸೇರುತ್ತೇವೆ ಎಂದವು. 2022ರಲ್ಲಿ ಆ ಮಾತು ಮತ್ತೆ ಎದ್ದ ಕೂಡಲೇ ಮಹಾರಾಷ್ಟ್ರ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಮುಂದಾಯಿತು. 2023ರಲ್ಲಿ ಅದೇ ಸರ್ಕಾರ ನಮ್ಮ ನೆಲದ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ಘೋಷಿಸಿದಾಗ ನಮ್ಮವರು ಸಿಟ್ಟಾದರು. ಸಿಟ್ಟು ನ್ಯಾಯವೇ. ಆ ಹಳ್ಳಿಗಳ ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು ಇದ್ದಾರೆಯೇ ಎಂದು ಅಂದೇ ಹೋಗಿ ನೋಡಿದ್ದರೆ ಇನ್ನೂ ನ್ಯಾಯವಾಗುತ್ತಿತ್ತು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಒಪ್ಪಿಸಿ ಮುಗಿಸುತ್ತೇನೆ. ಯುರೋಪಿನಲ್ಲಿ ಒಕ್ಕೂಟದ ಬಗ್ಗೆ ಜನ ಏನೆನ್ನುತ್ತಾರೆಂದು 1974ರಿಂದ ನಿಯಮಿತವಾಗಿ ಕೇಳಿ ಬರೆದಿಡುತ್ತಾ ಬಂದಿದ್ದಾರೆ. 1956ರಲ್ಲಿ ನಮ್ಮ ನಾಯಕರು ಏನು ಹೇಳಿದರೆಂಬುದು ಗ್ರಂಥಗಳಲ್ಲಿದೆ. ನಿರ್ಣಾದವರು, ಚಿಟಗುಪ್ಪದವರು, ನ್ಯಾಲಕಲ್ಲಿನವರು ಏನು ಬಯಸಿದ್ದರು, ಏನಕ್ಕೆ ಅಂಜಿದ್ದರು ಎಂಬುದನ್ನು ಸಾಮಾನ್ಯರ ಬಾಯಿಂದ ಕೇಳಿ ಬರೆದಿಡುವ ಕೆಲಸ ಆಗಬೇಕಾಗಿದೆ. ಅಂದು ಹತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತರ ಸುಮಾರು. ಅವರ ಬಳಿ ಹೋಗಿ ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ, ದಖನಿಯಲ್ಲಿ ಕೇಳಿರಿ. ಹೆದ್ದಾರಿಯ ಆಚೆ ಜಹೀರಾಬಾದಿಗೂ ಹೋಗಿ ಕೇಳಿರಿ. ಹೇಳಿದ್ದನ್ನು ತಿದ್ದದೆ ಬರೆದು ಇಲ್ಲಿನ ಗ್ರಂಥಾಲಯದಲ್ಲಿ ಇಡಿರಿ. ಈ ದತ್ತಿಯನ್ನು ಇಟ್ಟ ಮನೆತನದ ಹಿರಿಯರು ಅದರ ಖರ್ಚಿಗೆ ಒಂದು ಪಾಲು ಕೊಡಬೇಕೆಂದು ಈ ವೇದಿಕೆಯಿಂದಲೇ ಬೇಡಿಕೊಳ್ಳುತ್ತೇನೆ.